ಅಘನಾಶಿನಿ ಅಳಿವೆಯ ಪರಿಸರ ಮೇಲ್ವಿಚಾರಣೆ

ಅಘನಾಶಿನಿ ಅಳಿವೆಯು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವಲ್ಲಿರುವ ಉಪ್ಪುನೀರು–ಸಿಹಿನೀರು ಬೆರೆಯುವ ಜೌಗು ಪ್ರದೇಶ. 2024ರ ಜನವರಿಯಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ತಾಣದ ವಿಸ್ತೀರ್ಣ 4,801 ಹೆಕ್ಟೇರ್. ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲದಿರುವುದರಿಂದ ಮಳೆಗಾಲದ ಪ್ರವಾಹ ಮತ್ತು ಬೇಸಗೆಯ ಉಪ್ಪುನೀರಿನ ಏರಿಕೆ ಇಲ್ಲಿ ಬಹುಮಟ್ಟಿಗೆ ಸಹಜ ಕ್ರಮದಲ್ಲಿಯೇ ನಡೆಯುತ್ತವೆ. ಮೀನುಗಾರಿಕೆ, ಚಿಪ್ಪಿ ಸಂಗ್ರಹ, ಗಜನಿ ಬೇಸಾಯ ಮತ್ತು ಉಪ್ಪಿನ ತಯಾರಿಕೆಗಳ ಮೂಲಕ ಸುಮಾರು 6,000ದಿಂದ 7,500 ಕುಟುಂಬಗಳು ಈ ಅಳಿವೆಯನ್ನು ಅವಲಂಬಿಸಿವೆ.

ಈ ಲೇಖನವು ಅಳಿವೆಯ ನೀರಿನ ಗುಣಮಟ್ಟವನ್ನೂ ಜೀವಿಸಮುದಾಯಗಳ ಸ್ಥಿತಿಯನ್ನೂ ಅಳೆಯುವ ಕ್ರಮಗಳನ್ನು, ಆ ಅಳತೆಗಳನ್ನು ಅರ್ಥೈಸುವಾಗ ಎದುರಾಗುವ ತೊಡಕುಗಳನ್ನು ವಿವರಿಸುತ್ತದೆ. ಕೆರೆಗೆ ಅಥವಾ ನದಿಗೆ ಅನ್ವಯಿಸುವ ಪರೀಕ್ಷಾಕ್ರಮವನ್ನು ಅಳಿವೆಗೆ ಹಾಗೆಯೇ ಅನ್ವಯಿಸಿದರೆ ಬರುವ ಫಲಿತಾಂಶ ಅನೇಕ ವೇಳೆ ದಾರಿ ತಪ್ಪಿಸುತ್ತದೆ. ಒಂದೇ ಜಾಗದ ನೀರು ಆರು ಗಂಟೆಗಳ ಅಂತರದಲ್ಲಿ ಬೇರೆಯಾಗಿರುತ್ತದೆ, ಆರು ತಿಂಗಳ ಅಂತರದಲ್ಲಂತೂ ಗುರುತು ಸಿಗದಷ್ಟು ಬದಲಾಗಿರುತ್ತದೆ.

ಭೌಗೋಳಿಕ ಹಿನ್ನೆಲೆ

ಅಘನಾಶಿನಿ ನದಿಯು ಶಿರಸಿ ತಾಲ್ಲೂಕಿನಲ್ಲಿ ಹುಟ್ಟುವ ಬಕೂರಹೊಳೆ ಮತ್ತು ದೋಣಿಹಳ್ಳಗಳ ಸಂಗಮದಿಂದ ರೂಪುಗೊಳ್ಳುತ್ತದೆ. ಸುಮಾರು 120 ಕಿ.ಮೀ. ಉದ್ದದ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಘಟ್ಟದ ಕಣಿವೆಗಳನ್ನು ಹಾದು ಕರಾವಳಿಗೆ ಇಳಿಯುತ್ತದೆ. ಮೇಲ್ಭಾಗದ ಜಲಾನಯನದಲ್ಲಿ ನಿತ್ಯಹರಿದ್ವರ್ಣ ಕಾಡು, ಅಡಿಕೆ ತೋಟ, ಬೆಟ್ಟಭೂಮಿಗಳಿವೆ. ಈ ಭಾಗದ ಕಾಡಿನ ಒಂದಂಶವು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು.

ಉಬ್ಬರದ ಪ್ರಭಾವ ಕಡಲಿನಿಂದ ಸುಮಾರು 25 ಕಿ.ಮೀ. ಒಳಗೆ, ಉಪ್ಪಿನಪಟ್ಟಣದವರೆಗೆ ಕಾಣುತ್ತದೆ. ಅಲ್ಲಿಂದ ಕೆಳಗೆ ನದಿ ಅಗಲವಾಗಿ ಹರಡಿ, ಮಿರ್ಜಾನ, ದಿವಗಿ, ಕೋಡ್ಕಣಿ, ಮಾಸೂರು, ಹೆಗಡೆ, ತೊರ್ಕೆ ಮುಂತಾದ ಊರುಗಳ ಅಂಚಿನಲ್ಲಿ ಕುರ್ವೆಗಳನ್ನೂ (ನಡುಗಡ್ಡೆಗಳು) ಕೆಸರುಬಯಲುಗಳನ್ನೂ ಕಾಂಡ್ಲಾ ಕಾಡುಗಳನ್ನೂ ನಿರ್ಮಿಸಿದೆ. ಅಳಿವೆಯ ಬಾಯಿಯ ಉತ್ತರ ದಂಡೆಯಲ್ಲಿ ತದಡಿಯ ಮೀನುಗಾರಿಕಾ ಬಂದರು, ದಕ್ಷಿಣ ದಂಡೆಯಲ್ಲಿ ಅಘನಾಶಿನಿ ಗ್ರಾಮ ಇವೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳು ಇದೇ ಅಳಿವೆಯ ನೀರನ್ನು ಬಳಸುತ್ತವೆ.

ಅಂಚಿನ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಇಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಿನ ನಂತರ ಉಪ್ಪುನೀರನ್ನು ಒಳಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಮೊದಲು ಊರವರೇ ಮಣ್ಣಿನ ಕಟ್ಟೆಗಳನ್ನು ಹಾಕಿ ಕಾಯುತ್ತಿದ್ದರು. 1970ರ ದಶಕದಲ್ಲಿ ಸರ್ಕಾರವು ಕಲ್ಲಿನ ಶಾಶ್ವತ ಒಡ್ಡುಗಳನ್ನು ಕಟ್ಟಿದ ಮೇಲೆ ಗಜನಿಗಳ ಒಳಗಿನ ನೀರಿನ ಓಡಾಟವು ಜಂತ್ರಡಿಗಳ, ಅಂದರೆ ತೂಬುಗಳ, ನಿರ್ವಹಣೆಗೆ ಅಧೀನವಾಯಿತು. ಆದುದರಿಂದ ಗಜನಿಯ ಒಳಗಿನ ನೀರನ್ನೂ ಹೊರಗಿನ ಹೊಳೆಯ ನೀರನ್ನೂ ಒಂದೇ ಎಂದು ಪರಿಗಣಿಸಲಾಗದು. ಮಾದರಿ ಸಂಗ್ರಹದ ಸ್ಥಳಗಳನ್ನು ಆಯುವಾಗ ಇವೆರಡನ್ನೂ ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ.

ಮಳೆಗಾಲದ ಅಳಿವೆ

ಭಾರತದ ಪಶ್ಚಿಮ ಕರಾವಳಿಯ ನದಿಗಳ ಅಳಿವೆಗಳನ್ನು ಸಮುದ್ರವಿಜ್ಞಾನಿಗಳು ಮಾನ್ಸೂನ್ ಅಳಿವೆಗಳೆಂಬ ಬೇರೆಯದೇ ವರ್ಗದಲ್ಲಿ ಇಡುತ್ತಾರೆ. ಸಮಶೀತೋಷ್ಣ ದೇಶಗಳ ಅನೇಕ ಅಳಿವೆಗಳಲ್ಲಿ ವರ್ಷವಿಡೀ ನದಿಯ ಹರಿವಿಗೂ ಕಡಲಿನ ಒತ್ತಡಕ್ಕೂ ಒಂದು ಬಗೆಯ ಸಮತೋಲನವಿರುತ್ತದೆ. ಇಲ್ಲಿ ಅಂತಹ ಸಮತೋಲನ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹರಿದುಬರುವ ನೀರು ಅಳಿವೆಯ ಒಟ್ಟು ಗಾತ್ರಕ್ಕಿಂತ ಎಷ್ಟೋ ಪಾಲು ಹೆಚ್ಚಿರುವುದರಿಂದ ಉಪ್ಪುನೀರು ಬಾಯಿಯ ಕಡೆಗೆ ತಳ್ಳಲ್ಪಡುತ್ತದೆ. ಮಳೆ ನಿಂತ ಮೇಲೆ ಉಬ್ಬರವು ತಿಂಗಳಿಂದ ತಿಂಗಳಿಗೆ ಉಪ್ಪನ್ನು ಮೇಲಕ್ಕೆ ಒಯ್ಯುತ್ತದೆ. ಮೇ ತಿಂಗಳ ವೇಳೆಗೆ ಬಾಯಿಯ ಬಳಿಯ ಲವಣಾಂಶವು ಸಾವಿರಕ್ಕೆ ಸುಮಾರು 35 ಭಾಗದಷ್ಟಿರುವ ಕಡಲಿನ ಮಟ್ಟವನ್ನು ಸಮೀಪಿಸುತ್ತದೆ.

ಅಳಿವೆಯ ಬದುಕೆಲ್ಲ ಈ ಏರಿಳಿತಕ್ಕೆ ಹೊಂದಿಕೊಂಡಿದೆ. ಕಗ್ಗ ಭತ್ತಕ್ಕೆ ಮಳೆಯ ಸಿಹಿನೀರು ಬೇಕು, ಉಪ್ಪಿನ ಆಗರಕ್ಕೆ ಬೇಸಗೆಯ ಉಪ್ಪುನೀರು ಬೇಕು. ಕಪ್ಪು ಚಿಪ್ಪಿ (ವಿಲೋರಿಟಾ ಸಿಪ್ರಿನಾಯ್ಡಿಸ್) ಕಡಿಮೆ ಉಪ್ಪಿನ ಮೇಲ್ಭಾಗದಲ್ಲಿಯೂ ಮೆರೆಟ್ರಿಕ್ಸ್ ಕುಲದ ಬಳಚುಗಳು ನಡುಭಾಗದಲ್ಲಿಯೂ ಪಾಫಿಯಾ ಮಲಬಾರಿಕಾ ಬಾಯಿಗೆ ಹತ್ತಿರದ ಹೆಚ್ಚು ಉಪ್ಪಿನ ಭಾಗದಲ್ಲಿಯೂ ನೆಲೆಸುತ್ತವೆ. ಹೀಗಾಗಿ ಯಾವ ಚಿಪ್ಪಿ ಎಲ್ಲಿ ಸಿಗುತ್ತದೆ ಎಂಬುದೇ ಲವಣಾಂಶದ ಒಂದು ಸ್ಥೂಲ ನಕ್ಷೆಯಾಗಿದೆ.

ಶರಾವತಿಯೊಡನೆ ಹೋಲಿಕೆ

ಅಘನಾಶಿನಿಯ ದಕ್ಷಿಣಕ್ಕೆ, ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯ ಅಳಿವೆ ಹೋಲಿಕೆಗೆ ಒದಗುವ ಉತ್ತಮ ನಿದರ್ಶನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅನಂತರ ಗೇರುಸೊಪ್ಪೆಯ ಅಣೆಕಟ್ಟು ನಿರ್ಮಾಣವಾದ ಮೇಲೆ ವಿದ್ಯುತ್ ಉತ್ಪಾದನೆಗೆ ಬಳಸಿದ ಸಿಹಿನೀರು ಬೇಸಗೆಯಲ್ಲಿಯೂ ಎಡೆಬಿಡದೆ ಕೆಳಗೆ ಹರಿಯುತ್ತದೆ. ಪರಿಣಾಮವಾಗಿ ಶರಾವತಿಯ ಅಳಿವೆಯಲ್ಲಿ ಬೇಸಗೆಯ ಲವಣಾಂಶ ಏರಬೇಕಾದಷ್ಟು ಏರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು ಉತ್ತರ ಕನ್ನಡದ ಅಳಿವೆಗಳಲ್ಲಿ ನಡೆಸಿದ ಅಧ್ಯಯನಗಳು, ಶರಾವತಿಯಲ್ಲಿ ತಿನ್ನುವ ಚಿಪ್ಪಿಗಳ ಮತ್ತು ಅಳಿವೆ ಮೀನುಗಳ ವೈವಿಧ್ಯ ಅಘನಾಶಿನಿಗಿಂತ ತೀರ ಕಡಿಮೆಯಾಗಿರುವುದನ್ನು ಈ ಬದಲಾವಣೆಯೊಂದಿಗೆ ಸಂಬಂಧಿಸಿವೆ.

ಶರಾವತಿಯ ನೀರು ಸಾಮಾನ್ಯ ಅರ್ಥದಲ್ಲಿ ಕೆಟ್ಟ ನೀರಲ್ಲ ಎಂಬುದು ಇಲ್ಲಿ ಗಮನಾರ್ಹ. ಕೊಳಚೆ, ರಾಸಾಯನಿಕ, ರೋಗಾಣುಗಳ ಪರೀಕ್ಷೆಗಳಲ್ಲಿ ಉತ್ತಮವೆಂದು ಕಾಣಬಹುದಾದ ನೀರೇ ಅಳಿವೆಯ ಜೀವಿಗಳ ಪಾಲಿಗೆ ಪ್ರತಿಕೂಲವಾಗಬಲ್ಲದು. ಸ್ವಚ್ಛತೆಯನ್ನು ಮಾತ್ರ ಅಳೆಯುವ ಮೇಲ್ವಿಚಾರಣೆ ಇಂತಹ ಹಾನಿಯನ್ನು ಹಿಡಿಯುವುದಿಲ್ಲ. ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸುವ ಪ್ರಸ್ತಾಪಗಳು ಆಗಾಗ ಚರ್ಚೆಗೆ ಬಂದಿರುವುದರಿಂದ, ಅಣೆಕಟ್ಟಿಲ್ಲದ ಈ ನದಿಯ ಋತುಮಾನದ ಲವಣಾಂಶದ ದಾಖಲೆಗೆ ವಿಶೇಷ ಬೆಲೆಯಿದೆ. ಇತರ ಅಳಿವೆಗಳಲ್ಲಿ ಏನು ಕಳೆದುಹೋಗಿದೆ ಎಂಬುದನ್ನು ಅಳೆಯಲು ಇದು ಆಧಾರರೇಖೆ. ಆಧಾರರೇಖೆಯನ್ನು ಬದಲಾವಣೆ ಆದ ಮೇಲೆ ಅಳೆಯಲು ಬರುವುದಿಲ್ಲ.

ನೀರಿನ ಅಳತೆಗಳು

ಲವಣಾಂಶ: ಅಳಿವೆಯ ಯಾವುದೇ ಪರೀಕ್ಷೆಯಲ್ಲಿ ಮೊದಲು ದಾಖಲಿಸಬೇಕಾದ ಅಂಶವಿದು. ಕೈಯಲ್ಲಿ ಹಿಡಿಯುವ ವಕ್ರೀಭವನಮಾಪಕದಿಂದ ಸ್ಥೂಲವಾಗಿಯೂ ವಿದ್ಯುತ್ ವಾಹಕತೆಯನ್ನು ಅಳೆಯುವ ಉಪಕರಣದಿಂದ ನಿಖರವಾಗಿಯೂ ತಿಳಿಯಬಹುದು. ಉಪ್ಪುನೀರು ಭಾರವಾದುದರಿಂದ ತಳದಲ್ಲಿಯೂ ಸಿಹಿನೀರು ಮೇಲೆಯೂ ಪದರಗಳಾಗಿ ನಿಲ್ಲುವುದುಂಟು. ಆದುದರಿಂದ ಮೇಲ್ಮೈ ಮತ್ತು ತಳ ಎರಡರಿಂದಲೂ ಮಾದರಿ ತೆಗೆಯುವುದು ಕ್ರಮ. ಈ ಅಳತೆಗೆ ಕಾನೂನಿನ ಮಹತ್ವವೂ ಇದೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ, ಉಬ್ಬರದ ಪ್ರಭಾವಕ್ಕೆ ಒಳಪಟ್ಟ ಹೊಳೆಯಲ್ಲಿ ನಿಯಂತ್ರಣ ವಲಯವು ಎಲ್ಲಿಯವರೆಗೆ ಸಾಗುತ್ತದೆ ಎಂಬುದನ್ನು ವರ್ಷದ ಅತ್ಯಂತ ಒಣ ಅವಧಿಯಲ್ಲಿ ಲವಣಾಂಶ ಸಾವಿರಕ್ಕೆ 5 ಭಾಗ ಇರುವ ಬಿಂದುವಿನಿಂದ ನಿರ್ಧರಿಸಲಾಗುತ್ತದೆ. ಮಳೆ ಬಿದ್ದ ಮೇಲೆ ಅಳೆದರೆ ಆ ಬಿಂದು ಕಡಲ ಕಡೆಗೆ ಸರಿದಿರುತ್ತದೆ.

ಕರಗಿದ ಆಮ್ಲಜನಕ: ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಬಲ್ಲದು ಎಂಬುದು ಉಷ್ಣತೆ ಮತ್ತು ಲವಣಾಂಶಗಳೆರಡನ್ನೂ ಅವಲಂಬಿಸಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಕಡಲನೀರು ಸುಮಾರು 6.2 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಜುಲೈ ತಿಂಗಳ 7 ಮಿಲಿಗ್ರಾಂ ಮತ್ತು ಏಪ್ರಿಲ್ ತಿಂಗಳ 6 ಮಿಲಿಗ್ರಾಂ ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೀರು ಕೆಟ್ಟಿದೆ ಎನ್ನುವುದು ತಪ್ಪು. ಸಂತೃಪ್ತಿಯ ಶೇಕಡಾವಾರು ಲೆಕ್ಕದಲ್ಲಿ ಅವೆರಡೂ ಹೆಚ್ಚುಕಡಿಮೆ ಒಂದೇ. ಹಗಲಿನಲ್ಲಿ ಪಾಚಿ ಮತ್ತು ಸಸ್ಯಪ್ಲವಕಗಳು ಆಮ್ಲಜನಕವನ್ನು ಬಿಡುಗಡೆ ಮಾಡುವುದರಿಂದ ಮಧ್ಯಾಹ್ನದ ಅಳತೆ ಸದಾ ಹಿತಕರವಾಗಿ ಕಾಣುತ್ತದೆ. ಕೊರತೆ ಕಾಣುವುದು ಬೆಳಗಿನ ಜಾವದಲ್ಲಿ. ಕಚೇರಿಯ ಸಮಯಕ್ಕೆ ಹೊಂದಿಸಿದ ಮಾದರಿ ಸಂಗ್ರಹಕ್ಕೆ ಅದು ಸಿಗುವುದಿಲ್ಲ. 1888ರಲ್ಲಿ ಲಾಯೋಶ್ ವಿಂಕ್ಲರ್ ರೂಪಿಸಿದ ಅನುಮಾಪನ ವಿಧಾನ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ, ಸ್ಥಳದಲ್ಲಿ ಸಂವೇದಕಗಳನ್ನು ಬಳಸಲಾಗುತ್ತದೆ.

ಆಮ್ಲಜನಕದ ಕೊರತೆಯೆಲ್ಲ ಮಾಲಿನ್ಯದಿಂದಲೇ ಬಂದದ್ದಲ್ಲ. ಮಳೆಗಾಲದ ಉತ್ತರಾರ್ಧದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಂಪಾದ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಮೇಲೇಳುತ್ತದೆ. ಅದು ಉಬ್ಬರದೊಡನೆ ಅಳಿವೆಯ ಬಾಯನ್ನು ಪ್ರವೇಶಿಸಬಹುದು. ಉಷ್ಣತೆ ಮತ್ತು ಲವಣಾಂಶಗಳನ್ನು ಜೊತೆಗೇ ದಾಖಲಿಸಿದ್ದರೆ ಕೊರತೆ ಕಡಲಿನಿಂದ ಬಂದದ್ದೇ ಅಥವಾ ದಂಡೆಯಿಂದ ಬಂದದ್ದೇ ಎಂದು ಗುರುತಿಸಬಹುದು: ಕಡಲಿನಿಂದ ಬಂದ ನೀರು ತಂಪಾಗಿಯೂ ಉಪ್ಪಾಗಿಯೂ ಇರುತ್ತದೆ.

ಪೋಷಕಾಂಶಗಳು: ನೈಟ್ರೇಟ್, ಅಮೋನಿಯಾ, ಫಾಸ್ಫೇಟ್, ಸಿಲಿಕೇಟ್‌ಗಳನ್ನು ಸಾಮಾನ್ಯವಾಗಿ ಅಳೆಯುತ್ತಾರೆ. ಸಿಲಿಕೇಟ್ ಹೆಚ್ಚಾಗಿ ಬಂಡೆ–ಮಣ್ಣುಗಳಿಂದ ನದಿಯ ಮೂಲಕ ಬರುತ್ತದೆ. ಅಮೋನಿಯಾ ಮತ್ತು ಫಾಸ್ಫೇಟ್‌ಗಳ ಏರಿಕೆ ಕೊಳಚೆ, ಗೊಬ್ಬರ ಅಥವಾ ಸಿಗಡಿ ಕೊಳಗಳ ಹೊರಹರಿವಿನ ಸೂಚನೆಯಾಗಿರಬಹುದು. ಇವನ್ನು ಓದುವ ಉತ್ತಮ ಕ್ರಮವೆಂದರೆ, ಬಾಯಿಯಿಂದ ಮೇಲಿನವರೆಗೆ ಹಲವು ಸ್ಥಳಗಳ ಮಾದರಿ ತೆಗೆದು, ಪ್ರತಿ ಪೋಷಕಾಂಶವನ್ನೂ ಲವಣಾಂಶದ ಎದುರು ನಕ್ಷೆಯಲ್ಲಿ ಗುರುತಿಸುವುದು. ನದಿಯ ನೀರು ಕಡಲಿನ ನೀರಿನೊಡನೆ ಕೇವಲ ಬೆರೆಯುತ್ತಿದ್ದರೆ ಬಿಂದುಗಳು ನೇರ ಗೆರೆಯ ಮೇಲೆ ಬೀಳುತ್ತವೆ. ನಡುವೆ ಎಲ್ಲಿಯಾದರೂ ಬಿಂದುಗಳು ಗೆರೆಗಿಂತ ಮೇಲಿದ್ದರೆ ಆ ಭಾಗದಲ್ಲಿ ಹೊಸದಾಗಿ ಏನೋ ಸೇರುತ್ತಿದೆ ಎಂದೂ, ಕೆಳಗಿದ್ದರೆ ಜೀವಿಗಳೋ ಕೆಸರೋ ಅದನ್ನು ಹೀರಿಕೊಳ್ಳುತ್ತಿವೆ ಎಂದೂ ತಿಳಿಯಬಹುದು. ಕಾಲೇಜು ವಿದ್ಯಾರ್ಥಿಗಳೂ ಮಾಡಬಹುದಾದ ಈ ಸರಳ ನಕ್ಷೆ, ಬಿಡಿ ಬಿಡಿ ಅಂಕಿಗಳ ಉದ್ದನೆಯ ಪಟ್ಟಿಗಿಂತ ಹೆಚ್ಚು ಹೇಳುತ್ತದೆ.

ಕದಡಿಕೆ ಮತ್ತು ಹರಿತ್ತು: ನೀರಿನ ಪಾರದರ್ಶಕತೆಯನ್ನು 1865ರಲ್ಲಿ ಆಂಜೆಲೊ ಸೆಕ್ಕಿ ಪ್ರಯೋಗಿಸಿದ ತಟ್ಟೆಯನ್ನು ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳದಿಂದ ಅಂದಾಜಿಸುತ್ತಾರೆ. ಮಳೆಗಾಲದಲ್ಲಿ ಮಣ್ಣುಮಿಶ್ರಿತ ಕೆಂಪು ನೀರು ಸಹಜ. ಬೇಸಗೆಯಲ್ಲಿ ಅಂತಹ ಕದಡಿಕೆ ಕಂಡರೆ ಮರಳುಗಾರಿಕೆ ಅಥವಾ ಹೂಳೆತ್ತುವಿಕೆಯನ್ನು ಶಂಕಿಸಬೇಕು. ಕ್ಲೋರೋಫಿಲ್–ಎ ಪ್ರಮಾಣವು ಸಸ್ಯಪ್ಲವಕಗಳ ಸಾಂದ್ರತೆಯನ್ನು ತೋರಿಸುತ್ತದೆ.

ರೋಗಾಣುಗಳು: ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ ಕೊಳಚೆಯ ನೇರ ಸೂಚಕ. ಅಳಿವೆಯ ದಂಡೆಯ ಊರುಗಳ ಶೌಚಗುಂಡಿಗಳು, ಗೋಕರ್ಣದಂತಹ ಯಾತ್ರಾಸ್ಥಳದ ಜನದಟ್ಟಣೆ, ತದಡಿ ಬಂದರಿನ ದೋಣಿಗಳು ಮತ್ತು ಮೀನು ತೊಳೆದ ನೀರು ಇವೆಲ್ಲ ಸಂಭಾವ್ಯ ಮೂಲಗಳಾದುದರಿಂದ ಈ ಭಾಗಗಳ ಸಮೀಪದ ಪರೀಕ್ಷೆಗೆ ಮಹತ್ವವಿದೆ.

ಮಾದರಿ ಸಂಗ್ರಹದ ವೇಳಾಪಟ್ಟಿ

ಈ ಭಾಗದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿದ್ದು, ಅವುಗಳ ಎತ್ತರ ಸಮವಾಗಿರುವುದಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರಗಳಲ್ಲಿ ನೀರಿನ ಏರಿಳಿತ ಸುಮಾರು 2 ಮೀಟರ್ ತಲಪುತ್ತದೆ, ಅಷ್ಟಮಿಯ ಹೊತ್ತಿಗೆ ಅದು ಬಹಳ ತಗ್ಗುತ್ತದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂಬಂತೆ ಗಡಿಯಾರಕ್ಕೆ ಕಟ್ಟಿದ ವೇಳಾಪಟ್ಟಿ ಒಂದು ತಿಂಗಳು ಕಡಲಿನ ನೀರನ್ನೂ ಮತ್ತೊಂದು ತಿಂಗಳು ಹೊಳೆಯ ನೀರನ್ನೂ ಅಳೆಯುತ್ತದೆ. ಬಂದ ವ್ಯತ್ಯಾಸವನ್ನು ವರದಿ ಓದುವವರು ಮಾಲಿನ್ಯದ ಏರಿಳಿತವೆಂದು ತಿಳಿಯುತ್ತಾರೆ. ಆದುದರಿಂದ ಉಬ್ಬರದ ಒಂದೇ ಹಂತದಲ್ಲಿ, ಸಾಧ್ಯವಾದರೆ ಪೂರ್ಣ ಉಬ್ಬರ ಮತ್ತು ಪೂರ್ಣ ಇಳಿತ ಎರಡರಲ್ಲಿಯೂ, ಮಾದರಿ ತೆಗೆಯಬೇಕು. ವರ್ಷವನ್ನು ಮುಂಗಾರಿನ ಮೊದಲು, ಮುಂಗಾರು, ಮುಂಗಾರಿನ ನಂತರ ಎಂದು ಮೂರು ಅವಧಿಗಳಾಗಿ ವಿಂಗಡಿಸುವುದು ರೂಢಿ. ಆದರೆ ಅಳಿವೆಯ ಮಟ್ಟಿಗೆ ಅತ್ಯಂತ ನಿರ್ಣಾಯಕವಾದದ್ದು ಜೂನ್ ತಿಂಗಳ ಮೊದಲ ಭಾರಿ ಮಳೆಯ ಕೆಲವೇ ದಿನಗಳು: ಬೇಸಗೆಯಿಡೀ ದಂಡೆಯಲ್ಲಿ, ರಸ್ತೆಯಲ್ಲಿ, ತೋಟದಲ್ಲಿ ಸಂಗ್ರಹವಾದದ್ದೆಲ್ಲ ಆಗ ಒಮ್ಮೆಗೇ ನೀರಿಗೆ ಬರುತ್ತದೆ. ದೋಣಿ ಇಳಿಸಲು ಅಪಾಯಕರವಾದ ದಿನಗಳೂ ಅವೇ ಆಗಿರುವುದರಿಂದ ಸೇತುವೆಗಳ ಮೇಲಿನಿಂದ ಮಾದರಿ ತೆಗೆಯುವುದೋ ಸ್ವಯಂಚಾಲಿತ ಸಂವೇದಕಗಳನ್ನು ಅಳವಡಿಸುವುದೋ ಅಗತ್ಯವಾಗುತ್ತದೆ.

ತಳದ ಕೆಸರು ಮತ್ತು ತಳವಾಸಿ ಜೀವಿಗಳು

ನೀರು ಹರಿದುಹೋಗುತ್ತದೆ, ಕೆಸರು ಉಳಿಯುತ್ತದೆ. ಲೋಹಗಳು, ಕೀಟನಾಶಕಗಳು, ತೈಲದ ಅಂಶಗಳು ಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುವುದರಿಂದ ದೀರ್ಘಕಾಲದ ಮಾಲಿನ್ಯದ ದಾಖಲೆಯನ್ನು ಕೆಸರಿನಲ್ಲಿಯೇ ಹುಡುಕಬೇಕು. ಅಘನಾಶಿನಿಯ ಜಲಾನಯನದಲ್ಲಿ ದೊಡ್ಡ ಕೈಗಾರಿಕೆಗಳಿಲ್ಲ. ಆದರೂ ಎರಡು ವಸ್ತುಗಳನ್ನು ಗಮನಿಸುವುದು ಸಮಂಜಸ. ಅಡಿಕೆಗೆ ತಗಲುವ ಕೊಳೆರೋಗದ ತಡೆಗೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರದ ಸಲ್ಫೇಟ್ ಇರುತ್ತದೆ. ತಾಮ್ರವು ಚಿಪ್ಪಿಗಳ ಮರಿಹಂತಕ್ಕೆ ವಿಷಕಾರಿ. ಎರಡನೆಯದು, ದೋಣಿಗಳ ತಳಕ್ಕೆ ಜೀವಿಗಳು ಅಂಟದಂತೆ ಹಚ್ಚುವ ಬಣ್ಣಗಳು. ಇಂತಹ ಬಣ್ಣಗಳಲ್ಲಿ ಹಿಂದೆ ವ್ಯಾಪಕವಾಗಿ ಬಳಕೆಯಲ್ಲಿದ್ದ ತವರದ ಸಾವಯವ ಸಂಯುಕ್ತಗಳನ್ನು 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ನಿಷೇಧಿಸಿದೆ.

ತಳವಾಸಿ ಜೀವಿಗಳನ್ನು ಎಣಿಸಲು ವ್ಯಾನ್ ವೀನ್ ಎಂಬ ಕವಚಿ ಹಿಡಿಯುವ ಉಪಕರಣದಿಂದ ನಿರ್ದಿಷ್ಟ ವಿಸ್ತೀರ್ಣದ ಕೆಸರನ್ನು ಮೇಲೆತ್ತಿ, 0.5 ಮಿ.ಮೀ. ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಹುಳು, ಚಿಪ್ಪಿ, ಸಿಗಡಿಜಾತಿಯ ಜೀವಿಗಳನ್ನು ಗುರುತಿಸುತ್ತಾರೆ. 2000ದಲ್ಲಿ ಪ್ರಕಟವಾದ ಆಂಬಿ ಸೂಚ್ಯಂಕವು ಜೀವಿಗಳನ್ನು ಮಾಲಿನ್ಯಕ್ಕೆ ಅತಿ ಸೂಕ್ಷ್ಮವಾದವುಗಳಿಂದ ಹಿಡಿದು ಮಾಲಿನ್ಯದಲ್ಲಿಯೇ ಹೆಚ್ಚುವ ಅವಕಾಶವಾದಿಗಳವರೆಗೆ ಐದು ಗುಂಪುಗಳಾಗಿ ವಿಂಗಡಿಸಿ ತಳದ ಸ್ಥಿತಿಗೆ ಅಂಕ ನೀಡುತ್ತದೆ. ಕ್ಯಾಪಿಟೆಲ್ಲಾ ಕ್ಯಾಪಿಟಾಟಾ ಎಂಬ ಹುಳು ಕೊನೆಯ ಗುಂಪಿನ ಪ್ರಸಿದ್ಧ ಉದಾಹರಣೆ.

ಆದರೆ ಈ ಸೂಚ್ಯಂಕಗಳ ಬಳಕೆಯಲ್ಲಿ ಒಂದು ಮೂಲಭೂತ ತೊಡಕಿದೆ. ಉಪ್ಪಿನ ಏರಿಳಿತ, ಸಾವಯವ ಪದಾರ್ಥದ ಹೆಚ್ಚಳ, ಕೆಲವೇ ಪ್ರಭೇದಗಳ ಪ್ರಾಬಲ್ಯ ಇವು ಅಳಿವೆಯ ಸಹಜ ಲಕ್ಷಣಗಳು. ಮಲಿನಗೊಂಡ ಕಡಲತಳದ ಲಕ್ಷಣಗಳೂ ಇವೇ. ಮೈಕೆಲ್ ಎಲಿಯಟ್ ಮತ್ತು ವಿಕ್ಟರ್ ಕ್ವಿಂಟಿನೊ 2007ರಲ್ಲಿ ಇದನ್ನು ಅಳಿವೆ ಗುಣಮಟ್ಟದ ವಿರೋಧಾಭಾಸ ಎಂದು ಕರೆದರು. ಪ್ರತಿ ಮಳೆಗಾಲದಲ್ಲಿಯೂ ಸಿಹಿನೀರಿನಿಂದ ತೊಳೆದುಹೋಗುವ ಮಾನ್ಸೂನ್ ಅಳಿವೆಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಬಹುತೇಕ ಬರಿದಾಗಿ ಕಾಣುವ ತಳವು ಮಾರ್ಚ್‌ನಲ್ಲಿ ಜೀವಿಗಳಿಂದ ತುಂಬಿರಬಹುದು. ಆದುದರಿಂದ ಇಲ್ಲಿ ಹೋಲಿಸಬೇಕಾದದ್ದು ಈ ವರ್ಷದ ಮಾರ್ಚ್ ತಿಂಗಳನ್ನು ಹಿಂದಿನ ವರ್ಷಗಳ ಮಾರ್ಚ್ ತಿಂಗಳಿನೊಡನೆ.

ಚಿಪ್ಪಿಗಳು: ಆಹಾರ ಮತ್ತು ಸೂಚಕ

ಅಘನಾಶಿನಿಯು ಕರ್ನಾಟಕ ಕರಾವಳಿಯ ಪ್ರಮುಖ ಚಿಪ್ಪಿ ಸಂಗ್ರಹ ಕ್ಷೇತ್ರಗಳಲ್ಲಿ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ನೀಡಿದ ಅಂದಾಜಿನಂತೆ ಇಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿ ದೊರೆಯುತ್ತಿತ್ತು. ಅದರ ಮೌಲ್ಯ ಸುಮಾರು 5.78 ಕೋಟಿ ರೂಪಾಯಿ, ನೇರವಾಗಿ ಉದ್ಯೋಗ ಪಡೆದವರು ಸುಮಾರು 2,300 ಮಂದಿ. ಇಳಿತದ ವೇಳೆ ಕೆಸರುಬಯಲಿನಲ್ಲಿ ಕೈಯಿಂದ ಬಳಚು ಆಯುವವರಲ್ಲಿ ಮಹಿಳೆಯರು ಬಹಳಷ್ಟಿದ್ದಾರೆ. ಆಳದ ಭಾಗಗಳಲ್ಲಿ ದೋಣಿಯಿಂದ ಮುಳುಗಿ ತೆಗೆಯುವುದೂ ಉಂಟು. ಬಂಡವಾಳ ಬೇಡದ, ದಿನದ ಕೊನೆಗೆ ಮನೆಗೆ ಆಹಾರವನ್ನೋ ಕೈಗೆ ಹಣವನ್ನೋ ತರುವ ಕಸುಬು ಇದಾದುದರಿಂದ ಚಿಪ್ಪಿಯ ಕುಸಿತದ ಹೊರೆ ಮೊದಲು ಬೀಳುವುದು ಭೂಮಿಯಾಗಲಿ ದೋಣಿಯಾಗಲಿ ಇಲ್ಲದ ಮನೆಗಳ ಮೇಲೆ.

ಚಿಪ್ಪಿಗಳು ಒಂದೆಡೆ ನೆಲೆಸಿ, ನೀರನ್ನು ಸೋಸಿ ಅದರಲ್ಲಿನ ಕಣಗಳನ್ನು ತಿಂದು ಬದುಕುತ್ತವೆ. ಹಾಗೆ ಸೋಸುವಾಗ ನೀರಿನಲ್ಲಿರುವ ಲೋಹ, ಬ್ಯಾಕ್ಟೀರಿಯಾ, ವಿಷಗಳೂ ಅವುಗಳ ಮಾಂಸದಲ್ಲಿ ಸಾಂದ್ರವಾಗುತ್ತವೆ. ನೀರಿನ ಒಂದು ಮಾದರಿ ಒಂದು ಕ್ಷಣವನ್ನು ತೋರಿಸಿದರೆ, ಚಿಪ್ಪಿಯ ಮಾಂಸವು ಹಿಂದಿನ ಹಲವು ದಿನ ಅಥವಾ ವಾರಗಳ ಮೊತ್ತವನ್ನು ತೋರಿಸುತ್ತದೆ. ಈ ತತ್ತ್ವವನ್ನು ಆಧರಿಸಿ ಅಮೆರಿಕದಲ್ಲಿ 1970ರ ದಶಕದಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅವರ ಪ್ರೇರಣೆಯಿಂದ ಆರಂಭವಾದ ಚಿಪ್ಪಿ ನಿಗಾ ಕಾರ್ಯಕ್ರಮವು 1986ರಿಂದ ರಾಷ್ಟ್ರೀಯ ಯೋಜನೆಯಾಗಿ ಮುಂದುವರಿಯಿತು. ಯುರೋಪಿನ ಒಕ್ಕೂಟದಲ್ಲಿ ಚಿಪ್ಪಿ ಕ್ಷೇತ್ರಗಳನ್ನು ವರ್ಗೀಕರಿಸುವುದು ನೀರಿನ ಪರೀಕ್ಷೆಯಿಂದಲ್ಲ, ಮಾಂಸದ ಪರೀಕ್ಷೆಯಿಂದ: 100 ಗ್ರಾಂ ಮಾಂಸದಲ್ಲಿ ಈ. ಕೋಲೈ ಬ್ಯಾಕ್ಟೀರಿಯಾ 230ಕ್ಕಿಂತ ಹೆಚ್ಚಿಲ್ಲದಿರುವುದು ನೇರವಾಗಿ ಮಾರಬಹುದಾದ ‘ಎ’ ವರ್ಗದ ಮಾನದಂಡ. ಅದಕ್ಕಿಂತ ಕೆಳಗಿನ ವರ್ಗದ ಕ್ಷೇತ್ರಗಳ ಚಿಪ್ಪಿಗಳನ್ನು ಮಾರುವ ಮೊದಲು ಶುದ್ಧ ನೀರಿನಲ್ಲಿ ಇರಿಸಿ ಶೋಧಿಸಬೇಕು ಅಥವಾ ಬೇರೆ ರೀತಿಯಲ್ಲಿ ಸಂಸ್ಕರಿಸಬೇಕು.

ಕೆಲವು ಸೂಕ್ಷ್ಮ ಪ್ಲವಕಗಳು ಸ್ರವಿಸುವ ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷವೂ ಚಿಪ್ಪಿಯಲ್ಲಿ ಸಂಗ್ರಹವಾಗಬಲ್ಲದು. ಅದು ಬೇಯಿಸುವುದರಿಂದ ನಾಶವಾಗುವುದಿಲ್ಲ. ಚಿಪ್ಪಿಯ ಬಣ್ಣ, ರುಚಿ, ವಾಸನೆಗಳಲ್ಲಿ ವ್ಯತ್ಯಾಸವೂ ಕಾಣುವುದಿಲ್ಲ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಚಿಪ್ಪಿ ತಿಂದವರಲ್ಲಿ ಈ ವಿಷಬಾಧೆ ಕಾಣಿಸಿಕೊಂಡು ಸಾವು ಸಂಭವಿಸಿತ್ತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ ಮರುವರ್ಷ ಪ್ರಕಟಿಸಿದರು. ಅನೇಕ ದೇಶಗಳಲ್ಲಿ 100 ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ ಈ ವಿಷದ ಗರಿಷ್ಠ ಮಿತಿ. ಮನುಷ್ಯರು ಅಸ್ವಸ್ಥರಾದ ಮೇಲೆ ತಿಳಿಯುವ ಬದಲು ಪ್ಲವಕಗಳ ಎಣಿಕೆಯಿಂದ ಮೊದಲೇ ತಿಳಿಯುವುದು ನಿಯಮಿತ ಮೇಲ್ವಿಚಾರಣೆಯ ಉದ್ದೇಶಗಳಲ್ಲೊಂದು.

ಚಿಪ್ಪಿಯ ಸಂಖ್ಯೆ ಕಡಿಮೆಯಾದಾಗ ಕಾರಣವನ್ನು ಗುರುತಿಸಲು ಸಂಗ್ರಹದ ಒಟ್ಟು ತೂಕ ಸಾಲದು. ಗಾತ್ರವಾರು ಅಳತೆಯ ದಾಖಲೆ ಬೇಕು. ದೊಡ್ಡವು ಮಾತ್ರ ಕಾಣೆಯಾಗಿ ಮರಿಗಳು ಹೇರಳವಾಗಿದ್ದರೆ ಅತಿಸಂಗ್ರಹ ಕಾರಣವಾಗಿರಬಹುದು. ಮರಿಗಳೇ ಇಲ್ಲದಿದ್ದರೆ ಮೊಟ್ಟೆಯೊಡೆಯುವ ಕಾಲದ ಲವಣಾಂಶ, ತಳದ ಮರಳು–ಕೆಸರುಗಳ ಪ್ರಮಾಣ ಅಥವಾ ವಿಷಪದಾರ್ಥಗಳನ್ನು ಶೋಧಿಸಬೇಕು. ಎಲ್ಲ ಗಾತ್ರದವೂ ಒಮ್ಮೆಗೇ ಸತ್ತು ಬಾಯ್ತೆರೆದ ಚಿಪ್ಪುಗಳು ಉಳಿದಿದ್ದರೆ ದೊಡ್ಡ ನೆರೆ, ಹೂಳು ಮುಚ್ಚುವಿಕೆ ಅಥವಾ ಆಮ್ಲಜನಕದ ಕೊರತೆಯಂತಹ ಹಠಾತ್ ಘಟನೆಯನ್ನು ಶಂಕಿಸಬಹುದು. ಕೇರಳದ ಅಷ್ಟಮುಡಿ ಅಳಿವೆಯಲ್ಲಿ ಇದೇ ಪಾಫಿಯಾ ಚಿಪ್ಪಿಯ ಸಂಗ್ರಹವನ್ನು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಲ್ಲಿಸುವ ಕ್ರಮವಿದ್ದು, ಆ ಮೀನುಗಾರಿಕೆಯು 2014ರಲ್ಲಿ ಸುಸ್ಥಿರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದ ಭಾರತದ ಮೊದಲನೆಯದಾಯಿತು.

ಕಾಂಡ್ಲಾ, ಮೀನು ಮತ್ತು ಪಕ್ಷಿಗಳು

ಕಾಂಡ್ಲಾ ಕಾಡಿನ ವಿಸ್ತೀರ್ಣವನ್ನು ಉಪಗ್ರಹ ಚಿತ್ರಗಳಿಂದ ಅಳೆಯುವುದು ಸುಲಭ ಮತ್ತು ಅಗ್ಗ. ವಿಸ್ತೀರ್ಣ ಹೆಚ್ಚಿದರೆ ಅಳಿವೆ ಆರೋಗ್ಯವಾಗಿದೆ ಎಂಬ ತೀರ್ಮಾನ ಮಾತ್ರ ಅಷ್ಟು ಸುಲಭವಲ್ಲ. ತೆರೆದ ಕೆಸರುಬಯಲಿನ ಮೇಲೆ ನೆಡುತೋಪು ಬೆಳೆಸಿದರೆ ನಕ್ಷೆಯಲ್ಲಿ ಹಸಿರು ಹೆಚ್ಚುತ್ತದೆ, ಆದರೆ ಆ ಬಯಲಿನಲ್ಲಿ ಬಳಚು ಆಯುತ್ತಿದ್ದವರಿಗೂ ಅಲ್ಲಿ ಮೇಯುತ್ತಿದ್ದ ವಲಸೆ ಹಕ್ಕಿಗಳಿಗೂ ಜಾಗ ಕಡಿಮೆಯಾಗುತ್ತದೆ. ಆದುದರಿಂದ ವಿಸ್ತೀರ್ಣದ ಜೊತೆಗೆ ಪ್ರಭೇದಗಳ ವೈವಿಧ್ಯ, ಸಹಜವಾಗಿ ಹುಟ್ಟಿದ ಸಸಿಗಳ ಪ್ರಮಾಣ, ಕೆಸರುಬಯಲಿನ ವಿಸ್ತೀರ್ಣ ಇವನ್ನೂ ದಾಖಲಿಸಬೇಕು.

ರಾಮ್ಸಾರ್ ಘೋಷಣೆಯ ವೇಳೆ ಪ್ರಕಟವಾದ ಮಾಹಿತಿಯಂತೆ ಅಳಿವೆಯು 85ಕ್ಕೂ ಹೆಚ್ಚು ಮೀನು ಪ್ರಭೇದಗಳಿಗೆ ನೆಲೆಯಾಗಿದೆ. ನೀರುಹಕ್ಕಿಗಳ ಗಣತಿಗಳಲ್ಲಿ 43ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಹೊಳೆ ರೀವ, ಹಾವಕ್ಕಿ, ಬಿಳಿಕತ್ತಿನ ಕೊಕ್ಕರೆ ಮೊದಲಾದ ಆರು ಪ್ರಭೇದಗಳ ಜೈವಿಕಭೌಗೋಳಿಕ ಸಂಖ್ಯೆಯ ಶೇಕಡಾ 1ಕ್ಕಿಂತ ಹೆಚ್ಚು ಹಕ್ಕಿಗಳು ಇಲ್ಲಿ ನಿಯಮಿತವಾಗಿ ಕಾಣಸಿಗುತ್ತವೆ. ಪ್ರತಿ ವರ್ಷ ಜನವರಿಯಲ್ಲಿ ಸ್ವಯಂಸೇವಕರು ನಡೆಸುವ ಏಷ್ಯಾ ನೀರುಹಕ್ಕಿ ಗಣತಿಯು 1987ರಿಂದ ನಡೆದುಬಂದಿದ್ದು, ಸಾಮಾನ್ಯ ಪಕ್ಷಿವೀಕ್ಷಕರೂ ಅದರಲ್ಲಿ ಭಾಗವಹಿಸಬಹುದು.

ಮಾನದಂಡಗಳು ಮತ್ತು ಸಂಸ್ಥೆಗಳು

ಭಾರತದಲ್ಲಿ ಒಳನಾಡಿನ ನೀರನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಬಳಕೆಗೆ ಅನುಗುಣವಾಗಿ ‘ಎ’ಯಿಂದ ‘ಇ’ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಕುಡಿಯುವುದು, ಸ್ನಾನ, ನೀರಾವರಿಗಳನ್ನು ಗಮನದಲ್ಲಿರಿಸಿದ ಈ ವರ್ಗೀಕರಣ ಅಳಿವೆಗೆ ಹೊಂದುವುದಿಲ್ಲ: ಬೇಸಗೆಯ ಅಳಿವೆಯ ನೀರು ಕುಡಿಯಲೂ ಬಾರದು, ಗದ್ದೆಗೂ ಬಾರದು. ಕರಾವಳಿ ನೀರಿಗೆ ಎಸ್‌ಡಬ್ಲ್ಯು–1ರಿಂದ ಎಸ್‌ಡಬ್ಲ್ಯು–5ರವರೆಗಿನ ಪ್ರತ್ಯೇಕ ವರ್ಗೀಕರಣವಿದೆ. ಉಪ್ಪಿನ ಆಗರ, ಚಿಪ್ಪಿ ಸಂಗ್ರಹ, ಕಡಲ ಕೃಷಿ ಮತ್ತು ಸೂಕ್ಷ್ಮ ಪರಿಸರ ವಲಯಗಳಿಗೆ ಮೊದಲ ವರ್ಗ ಅನ್ವಯಿಸುತ್ತದೆ. ಇದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಸಂತೃಪ್ತಿಯ ಶೇಕಡಾ 60, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಇರಬೇಕು. ಎರಡನೆಯ ವರ್ಗ ಸ್ನಾನ ಮತ್ತು ವಾಣಿಜ್ಯ ಮೀನುಗಾರಿಕೆಗೆ, ನಾಲ್ಕನೆಯದು ಬಂದರುಗಳಿಗೆ. ಅಘನಾಶಿನಿಯಲ್ಲಿ ಬಂದರು, ಉಪ್ಪಿನ ಆಗರ ಮತ್ತು ಚಿಪ್ಪಿ ಕ್ಷೇತ್ರಗಳು ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ದಿನಕ್ಕೆ ಎರಡು ಬಾರಿ ಅದೇ ನೀರು ಇವೆಲ್ಲವನ್ನೂ ಹಾದುಹೋಗುತ್ತದೆ. ಚಿಪ್ಪಿ ತಿನ್ನುವವರ ದೃಷ್ಟಿಯಿಂದ ಇಡೀ ಅಳಿವೆಗೆ ಮೊದಲ ವರ್ಗದ ಮಾನದಂಡವನ್ನು ಅನ್ವಯಿಸುವುದೇ ಸುರಕ್ಷಿತ.

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ರಾಜ್ಯದ ನದಿಗಳ ನೀರಿನ ಪರೀಕ್ಷೆ ನಡೆಸುತ್ತದೆ. ಭೂವಿಜ್ಞಾನ ಸಚಿವಾಲಯದ ಅಧೀನದಲ್ಲಿರುವ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರ ದಶಕದ ಆರಂಭದಲ್ಲಿ ಶುರುವಾದ ಕಡಲನೀರಿನ ಮೇಲ್ವಿಚಾರಣಾ ಕಾರ್ಯಕ್ರಮವನ್ನು ಮುಂದುವರಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯು ಕುಮಟಾದಲ್ಲಿ ಕ್ಷೇತ್ರ ಕೇಂದ್ರವನ್ನು ಹೊಂದಿದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವೂ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇವೆ.

ರಾಮ್ಸಾರ್ ಒಪ್ಪಂದದ ಅಡಿಯಲ್ಲಿ ಸದಸ್ಯ ರಾಷ್ಟ್ರವು ತಾಣದ ಮಾಹಿತಿಪತ್ರವನ್ನು ಆರು ವರ್ಷಗಳಿಗೊಮ್ಮೆ ನವೀಕರಿಸಬೇಕು. ತಾಣದ ಪರಿಸರ ಲಕ್ಷಣಗಳು ಮಾನವ ಹಸ್ತಕ್ಷೇಪದಿಂದ ಬದಲಾಗಿದ್ದರೆ ಅಥವಾ ಬದಲಾಗುವ ಸಂಭವವಿದ್ದರೆ ಅದನ್ನು ತಡಮಾಡದೆ ತಿಳಿಸಬೇಕು. ತದಡಿಯಲ್ಲಿ ಹಿಂದೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪವಿತ್ತು. ಸ್ಥಳೀಯರ ಮತ್ತು ಪರಿಸರವಾದಿಗಳ ವಿರೋಧದ ನಡುವೆ ಅದು ಕೈಬಿಟ್ಟುಹೋಯಿತು. ಅನಂತರ ವಾಣಿಜ್ಯ ಬಂದರಿನ ಯೋಜನೆಯೂ ಚರ್ಚೆಗೆ ಬಂತು. ಇಂತಹ ಯೋಜನೆಗಳ ಪರಿಸರ ಪರಿಣಾಮವನ್ನು ಅಂದಾಜು ಮಾಡುವಾಗ ಒಂದೆರಡು ಋತುಗಳ ಮಾದರಿಗಳನ್ನು ಮಾತ್ರ ಆಧರಿಸಿದರೆ, ಅಳಿವೆಯ ಸಹಜ ಏರಿಳಿತ ಯಾವುದು, ಯೋಜನೆಯಿಂದಾಗುವ ಬದಲಾವಣೆ ಯಾವುದು ಎಂದು ಮುಂದೆ ಬೇರ್ಪಡಿಸಲು ಆಗುವುದಿಲ್ಲ.

ಸ್ಥಳೀಯರ ತಿಳಿವಳಿಕೆ

ಉಪಕರಣಗಳಿಲ್ಲದ ಮೇಲ್ವಿಚಾರಣೆಯೊಂದು ಇಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆಗರದ ಕೆಲಸಗಾರರು ನೀರಿನ ಉಪ್ಪಿನ ಬಲವನ್ನೂ ಗಜನಿಯ ರೈತರು ತೂಬು ತೆರೆಯುವ ತಿಥಿಯನ್ನೂ ಅಂಬಿಗ, ಹರಿಕಂತ್ರ ಮೊದಲಾದ ಸಮುದಾಯಗಳವರು ಮೀನು ಏರುವ ಹೊತ್ತನ್ನೂ ಅನುಭವದಿಂದ ಬಲ್ಲರು. ಯಾವ ಕೆಸರುಬಯಲಿನಲ್ಲಿ ಯಾವ ವರ್ಷ ಬಳಚು ಸಿಗಲಿಲ್ಲ ಎಂಬುದು ಆಯುವವರ ನೆನಪಿನಲ್ಲಿ ಇರುತ್ತದೆ. ಈ ತಿಳಿವಳಿಕೆ ಬರಹದಲ್ಲಿ ದಾಖಲಾಗಿರುವುದು ಅಲ್ಪ. ದಿನದ ಸಂಗ್ರಹ, ಆಯ್ದ ಜಾಗ, ತಿಥಿ, ಚಿಪ್ಪಿಯ ಗಾತ್ರ ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡುವಷ್ಟು ಸರಳವಾದ ದಾಖಲೆಯೂ, ವರ್ಷಕ್ಕೆ ಮೂರು ಬಾರಿ ಬಂದು ಹೋಗುವ ಸಮೀಕ್ಷಾ ತಂಡದ ಅಂಕಿಗಳಲ್ಲಿ ಕಾಣದ ಅಂತರಗಳನ್ನು ತುಂಬಬಲ್ಲದು.